ಟೋಪಿ ಹಾರಿದ ರಾತ್ರಿ

ಸಖೀರಿನಲ್ಲಿ ನನ್ನದು ಕಿವಿಯ ಕೆಲಸ.
ಪ್ರಸಾರದ ಲಾರಿಯೊಳಗೆ, ಜನರೇಟರಿನ ಬಿಸಿ ಉಸಿರಿನ ಪಕ್ಕ ಕೂತು
ಯಾರ ದನಿ ಒಳಗೆ, ಯಾರದು ಹೊರಗೆ ಎಂದು
ಬೆರಳಲ್ಲೇ ತೀರ್ಮಾನಿಸುತ್ತೇನೆ.

ಕೆಂಪು ದೀಪ ಹೊತ್ತುವ ಮುಂಚೆ
ಅವರೆಲ್ಲ ಮನುಷ್ಯರು.
ಇವಾರ್ ಲೆಪ್ ಎಂಬ ಆ ತೆಳ್ಳನೆ ಹುಡುಗ
ಕತ್ತಿನ ಬೆವರು ಒರೆಸುತ್ತ ಮೈಕಿಗೆ ಹೇಳುತ್ತಾನೆ:
ಎಂಟನೇ ತಿರುವಿನಲ್ಲಿ ನಾಲಿಗೆ ಕಚ್ಚಿಕೊಂಡೆ,
ಬಾಯೆಲ್ಲ ಉಪ್ಪುಪ್ಪು.
ಹಿಂದಿನವನಿಗೆ ಒಂದು ಬೈಗುಳ ಬಿಟ್ಟೆ,
ಟ್ರ್ಯಾಕ್ಟರ್ ಹೊರಡದಾಗ ನನ್ನಜ್ಜಿ ಬಿಡುತ್ತಿದ್ದದ್ದು.
ಹೌದು, ನಿನ್ನ ಡಬ್ಬಿಯಲ್ಲೇನು, ಮೀನೇ?

ಆಗ ಬರುತ್ತಾಳೆ ಕರೀನ್, ಪಟ್ಟಿ ಹಿಡಿದು.
ತಲೆಗೆ ಟೋಪಿ: ಬ್ಯಾಂಕು, ಬ್ಯಾಟರಿ, ಅತ್ತರು.
ಕೈಗೆ ಗಡಿಯಾರ,
ಮಾತು ಮುಗಿದೊಡನೆ ಬಿಚ್ಚಿ ಪೆಟ್ಟಿಗೆಗೆ ಹಾಕುವಂಥದ್ದು.
ಬಾಟಲಿಯ ಮುಖ ಕ್ಯಾಮರಾದ ಕಡೆ.
ದೀಪ ಕೆಂಪಾಗುತ್ತದೆ.
“ಮೊದಲಿಗೆ ನಮ್ಮ ಎಲ್ಲ ಪಾಲುದಾರರಿಗೆ...”

ನಡುರಾತ್ರಿ ಗುದೈಬಿಯಾದ ರೂಮಿನಲ್ಲಿ ಮರುಪ್ರಸಾರ.
ವಾಮನ ಭಂಡಾರಿ ದನಿ ತಗ್ಗಿಸುತ್ತಾನೆ.
“ಎಂತ ಮಾರಾಯ ಇಲಾರಿ, ಟೋಪಿ ಮಾತಾಡ್ತಾ ಉಂಟು.
ಹುಡುಗ ಎಲ್ಲಿ?
ನನ್ನ ಕುರ್ಚಿಯಲ್ಲಿ ನಾಲ್ಕು ನಿಮಿಷ ಕೂತವನ
ಸಾಲ ಎಷ್ಟು, ಹೆಂಡತಿ ಮುನಿದದ್ದು ಯಾಕೆ, ಎಲ್ಲ ಗೊತ್ತಾಗ್ತದೆ.
ಮೂರು ವರ್ಷದಿಂದ ಇವನನ್ನು ನೋಡ್ತೇನೆ,
ಕೂದಲು ಎಂಥದ್ದು ಅಂತಲೇ ಗೊತ್ತಿಲ್ಲ.”

ಅವನು ಕಂಬಳ ನೋಡಿ ಬೆಳೆದವನು.
ಮಿಯ್ಯಾರಿನಲ್ಲಿ ಮೈಕು ಹಿಡಿದವರು
ಕೋಣದ ಹೆಸರು, ಓಡಿಸುವವನ ಮನೆತನ,
ಹೋದ ವರ್ಷ ಗಂತಿನಲ್ಲಿ ಎದ್ದ ಜಗಳ,
ಬಲದ ಕೋಣಕ್ಕೆ ಡೋಲು ಆಗದು ಎಂಬುದನ್ನೂ
ಹೇಳಿದ ಮೇಲೇ ಓಟ.
“ಅಂಗಡಿಯವರ ಬ್ಯಾನರು ಅಲ್ಲೂ ಉಂಟು.
ಬೇಲಿಗೆ ಕಟ್ಟಿದ್ದು ಅದು,
ಬಾಯಿಗಲ್ಲ.”

ನಾನು ಸುಮ್ಮನಿದ್ದೆ.
ನನ್ನ ಸಂಬಳದ ಚೀಟಿಯ ಮೇಲೂ
ಅದೇ ಬ್ಯಾಂಕಿನ ಹೆಸರು.

ಆ ವರ್ಷ ಕೊನೆಯ ಸುತ್ತಿಗೆ ಶಮಾಲ್ ಎದ್ದಿತು.
ದೀಪದ ಕಂಬಗಳ ಸುತ್ತ ಮರಳು,
ಗಿರಣಿಯೊಳಗೆ ಹಿಟ್ಟು ಹಾರಿದ ಹಾಗೆ.
ಲೆಪ್ ಹನ್ನೊಂದನೆಯವ.
“ಮೊದಲಿಗೆ ನಮ್ಮ ಎಲ್ಲ...”

ಹಾರಿತು ಟೋಪಿ.
ಟೈರಿನ ರಾಶಿ ದಾಟಿ, ಟಾರಿನ ಮೇಲೆ ಉರುಳಿ,
ಹಿಂದೆ ಕರೀನ್, ಅವಳ ಹಿಂದೆ ಅವಳ ಪಟ್ಟಿಯ ಹಾಳೆಗಳು.
ಅವನು ನೆತ್ತಿ ಮುಟ್ಟಿ ನೋಡಿಕೊಂಡ,
ಯಾರದೋ ತಲೆ ಎಂಬಂತೆ.
ನಕ್ಕ.

“ಮೂವತ್ತನೇ ಸುತ್ತಿನಲ್ಲಿ ಹೆದರಿದೆ” ಅಂದ.
“ಗೋಡೆಗಲ್ಲ. ಎದುರಿಗಿದ್ದವನನ್ನು ದಾಟಬಹುದಿತ್ತು,
ಜಾಗ ಇತ್ತು, ಕಾರೂ ತಯಾರಿತ್ತು,
ಪಾದ ಕೇಳಲಿಲ್ಲ.
ಅಜ್ಜಿಯ ಬೈಗುಳ ಕೂಡ ಬಾಯಿಗೆ ಬರಲಿಲ್ಲ.
ಇವತ್ತು ನಿದ್ದೆ ಬರುವುದಿಲ್ಲ ನನಗೆ.”

ನನ್ನ ಎಡಗಿವಿಯಲ್ಲಿ ನಿರ್ದೇಶಕ:
ಕತ್ತರಿಸು, ಜಾಹೀರಾತಿಗೆ ಹೋಗು, ಕತ್ತರಿಸು.
ಗುಂಡಿಯ ಮೇಲೇ ಇತ್ತು ಬೆರಳು.
ಬೆರಳೂ ಕೇಳಲಿಲ್ಲ.
ನಲವತ್ತು ಸೆಕೆಂಡು.

ಒಂದು ಗಂಟೆಗೆ ಫೋನಿನಲ್ಲಿ ವಾಮನನ ದನಿ:
“ಎರಡು ಸುಳಿ, ಇಲಾರಿ! ನೆತ್ತಿಯಲ್ಲಿ ಎರಡು ಸುಳಿ!
ಹಠಮಾರಿ ಜಾತಿ. ಗೆಲ್ತಾನೆ, ಬರೆದಿಟ್ಟುಕೋ.
ಹಿಂದಿನಿಂದ ಯಾರೋ ಮೊಂಡು ಕತ್ತರಿಯಲ್ಲಿ ಕೊಯ್ದಿದ್ದಾರೆ,
ಪಾಪ.”

ಮರುದಿನ ಅವನ ಅಂಗಡಿಯಲ್ಲಿ
ಟ್ಯಾಕ್ಸಿಯ ಗುಲ್‌ಜಮಾನ್, ಪೈಪಿನ ಕೆಲಸದ ತಪನ್,
ಮುಖದ ತುಂಬ ನೊರೆ ಹೊತ್ತ ಮುಹರ್ರಕ್‌ನ ಮೇಷ್ಟ್ರು,
ಎಲ್ಲರಿಗೂ ಆ ಪಾದದ್ದೇ ಮಾತು.
ಕೇಳದ ಪಾದ ಅವರಿಗೂ ಇತ್ತು.
ಗೆದ್ದವನು ಯಾರು ಎಂದು
ಯಾರೂ ಕೇಳಲಿಲ್ಲ.

ನನಗೊಂದು ಎಚ್ಚರಿಕೆಯ ಪತ್ರ ಬಂತು.
ಮುಂದಿನ ವರ್ಷ ಟೋಪಿಗೆ ಒಳಗಿನಿಂದ
ರಬ್ಬರು ಪಟ್ಟಿ ಹೊಲಿದಿದ್ದರು.
ಅವನು ಹದಿಮೂರನೆಯವನಾಗಿ ಬಂದು
ಮೂವರಿಗೂ ಕ್ರಮವಾಗಿ ಕೃತಜ್ಞತೆ ಹೇಳಿದ.

ವಾಮನ ಮಾತ್ರ ಎದ್ದು ಟಿವಿಯ ಹತ್ತಿರ ಹೋಗಿ
ರೂಮಿಗೆ ಹೊಸದಾಗಿ ಬಂದವರಿಗೆ
ಬ್ಯಾಂಕಿನ ಹೆಸರಿನ ಮೇಲೆ ಬೆರಳಿಟ್ಟು ತೋರಿಸುತ್ತಾನೆ:
ಇಲ್ಲಿ ಒಂದು.
ಅಗೋ, ಬ್ಯಾಟರಿಯ ಕೆಳಗೆ
ಇನ್ನೊಂದು.