ಒಂದು ಸಲಕ್ಕೆ ಒಂದು ತುತ್ತು

ವಿಭಾಗದ ಹಿಂದಿನ ಜಾಲಿಗಿಡ ಒಣಗಿತು.
ಹತ್ತು ವರ್ಷ ಅದರ ಬುಡಕ್ಕೇ ನಾವು ಟಾಲ್ವೀನು ಸುರಿದದ್ದು,
ಗೊತ್ತಿದ್ದೂ.
ಆ ವಾರವೇ ಮೇಡಂ ಅಂದರು:
ಇನ್ನು ಮೇಲೆ ಏನಿದ್ದರೂ ನೀರಿನಲ್ಲಿ.

ನೀರು! ಕಲಬುರಗಿಯಲ್ಲಿ, ಮೇ ತಿಂಗಳಲ್ಲಿ.
ತೊಗರಿಯ ನಾಡಿನಲ್ಲಿ ತೊಗರಿಬೇಳೆಯೇ ಬೇಯದ
ಬೋರಿನ ನೀರು.
ಖಾಜಾಸಾಬರು ಎರಡು ಸಲ ಭಟ್ಟಿ ಇಳಿಸಿ
ಕ್ಯಾನಿಗೆ ತುಂಬಿ ಚೀಟಿ ಅಂಟಿಸಿದರು:
ಕುಡೀಬ್ಯಾಡ್ರಿ, ಇದು ಚೊಕ್ಕ ಅದ.

ನನ್ನ ಕೆಲಸ ಇಷ್ಟೇ,
ಕೊಂಡಿಗೆ ಕೊಂಡಿ ಕೂಡಿಸಿ ಸರಪಳಿ ಬೆಳೆಸುವುದು,
ಎಲ್ಲವೂ ಒಂದೇ ಉದ್ದ.
ಬೆಳೆಯುವ ತುದಿಯಲ್ಲೊಂದು ಒಂಟಿ ಎಲೆಕ್ಟ್ರಾನು.
ಜೊತೆಯಿಲ್ಲದ್ದು ಸುಮ್ಮನಿರುತ್ತದೆಯೇ?
ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಓಡುತ್ತದೆ,
ಇನ್ನೊಂದು ಒಂಟಿ ಎದುರಾದರೆ
ಎರಡರ ಕತೆಯೂ ಅಲ್ಲಿಗೆ ಮುಗಿಯಿತು.

ಫೋನಿನಲ್ಲಿ ಅವ್ವನಿಗೆ ಇದನ್ನೇ ಹೇಳಿದೆ.
ಚಿತ್ತಾಪುರದ ಕಡೆಯ ಅಂಗನವಾಡಿಯಲ್ಲಿ
ಇಪ್ಪತ್ತಾರು ವರ್ಷದಿಂದ ಜಗದೇವಿ ಟೀಚರು ಅವಳು.
"ಎಲ್ಲಾ ಕೂಸು ಒಮ್ಮೆಲೆ ಎದ್ರ ಹಂಗೇ ಆಗ್ತದ.
ಬಾಗಿಲದಾಗ ತಲಿಗೆ ತಲಿ ಬಡಕೊಂಡು
ಅಳಕೋತ ಕೂಡ್ತಾವ.
ರೇಷನ್ ಗಾಡಿ ಬರದ ದಿನ ನಾ ಏನ್ ಮಾಡ್ತೀನಿ ಅಂದ್ರ
ಎಲ್ಲರ್ನೂ ಮಲಗಿಸಿಬಿಡ್ತೀನಿ, ಶಹಾಬಾದ್ ಕಲ್ಲು ತಣ್ಣಗಿರ್ತದ.
ಒಂದನ್ನ ಎಬ್ಬಿಸಿ ಒಂದು ತುತ್ತು, ಮತ್ತ ಮಲಗು.
ಆಮ್ಯಾಲ ಮತ್ತೊಂದು.
ಗಂಗಾಳ ಬರಿದಾಗೋತನ ಹೀಗೇ.
ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮಿಲ್ಲ."

ಫೋನು ಕಿವಿಗೆ ಹಿಡಿದೇ ಕುಳಿತೆ.
ಮೂರು ವರ್ಷ ನಾನು ಓದಿದ್ದು ಅಷ್ಟೇ.
ತಾಮ್ರ ಒಂದು ಬ್ರೋಮಿನಿನ ಕೌದಿ ಹೊದಿಸಿ ಮಲಗಿಸುತ್ತದೆ,
ರೆಪ್ಪೆ ಬಡಿಯುವಷ್ಟು ಹೊತ್ತು ಸರಿಸುತ್ತದೆ,
ಒಂದೋ ಎರಡೋ ಕೊಂಡಿ ಸೇರಿತೋ
ಮತ್ತೆ ಹೊದಿಕೆ.
ಲಕ್ಷ ಮಲಗಿದಲ್ಲಿ ಎಚ್ಚರ ಒಂದಕ್ಕೆ.

ಆದರೆ ನೀರಿನಲ್ಲಿ ತಾಮ್ರಕ್ಕೇ ನೆಲೆಯಿಲ್ಲ.
ಎರಡು ಸೇರಿ ಒಳಗೊಳಗೇ ಲೆಕ್ಕ ತಿರುಗಿಸಿ
ಒಂದು ಲೋಹವಾಗಿ ತಳಕ್ಕೆ ಕೂರುತ್ತದೆ,
ಇನ್ನೊಂದು ನೀಲಿಯಾಗಿ ಬಾಯಿ ಮುಚ್ಚುತ್ತದೆ.
ಬ್ರೋಮಿನು ನೀರಿನ ಕೈ ಹಿಡಿದು ಹೊರಟೇಬಿಡುತ್ತದೆ.
ಕೌದಿಯೇ ಹೊಳೆಗೆ ಹೋದ ಮೇಲೆ
ಯಾರು ಯಾರನ್ನು ಮಲಗಿಸುವುದು?
ಹನ್ನೊಂದು ಸಲ ನನಗೆ ಸಿಕ್ಕಿದ್ದು
ಚಮಚೆಗೆ ಅಂಟಿ ಬಿಡದ ಲೋಳೆ.

ಹನ್ನೆರಡನೆಯ ಸಲ ಬ್ರೋಮೈಡಿನ ಉಪ್ಪು ಸುರಿದೆ,
ಕೌದಿಗಳು ಮಿಗಲಿ ಎಂದು.
ತಾಮ್ರ ಇಳಿಸಿದೆ, ಚಿಟಿಕೆಯಲ್ಲಿ ಚಿಟಿಕೆ.
ದಣಿದ ತಾಮ್ರಕ್ಕೆ ಸಿ ವಿಟಮಿನ್ನು, ಹನಿಹನಿ.
ಮುಕ್ಕಾಲು ಗಂಟೆ ನೈಟ್ರೋಜನ್ ಗುಳ್ಳೆ.
ಆಕ್ಸಿಜನ್ ಅಂದರೆ ಓಣಿಯ ಐಸ್‌ಕ್ಯಾಂಡಿ ಗಾಡಿಯ ಗಂಟೆ,
ಎಚ್ಚರಿದ್ದ ಕೂಸು ಅದರ ಬೆನ್ನಿಗೇ,
ತಿರುಗಿ ಬರುವುದಿಲ್ಲ.

ಮೂರೂ ಇಪ್ಪತ್ತಕ್ಕೆ ಕರೆಂಟು ಹೋಯಿತು.

ಕಲಕುವ ಗುಳಿಗೆ ನಿಂತಿತು. ಹನಿ ನಿಂತಿತು.
ಖಾಜಾಸಾಬರು ಗಾಜಿನ ಕುತ್ತಿಗೆ ಹಿಡಿದು ಆಡಿಸತೊಡಗಿದರು,
ತೊಟ್ಟಿಲಿನಂತೆ ಅಂತ ಬರೆಯುವ ಆಸೆ,
ಅವರು ಅಂದದ್ದು ಮಾತ್ರ "ಕೈ ನೋಯಲಕತ್ತದ ಬೇಟಾ, ಜಲ್ದಿ ಎಣಸು."
ನಾನು ಸಿರಿಂಜು ಒತ್ತುತ್ತ ಎಣಿಸಿದೆ.
ನಲವತ್ತು ನಿಮಿಷ, ಬೆವರು ಒರೆಸಲು ಕೈಯಿಲ್ಲ.
ನೀಲಿ ತಿಳಿಯಾಯಿತು, ಕಡುವಾಯಿತು,
ಮತ್ತೆ ತಿಳಿಯಾಯಿತು.

ಹದಿನೆಂಟು ದಿನದ ಮೇಲೆ ಹೈದರಾಬಾದಿನಿಂದ ಗ್ರಾಫು ಬಂತು.
ಒಂದೇ ಶಿಖರ. ಸಪೂರ.
ಎಡಕ್ಕೊಂದು ಸಣ್ಣ ಗೂನು,
ಕರೆಂಟು ಹೋದ ಗಳಿಗೆಯಲ್ಲಿ
ತಲೆಗೆ ತಲೆ ಬಡಿದುಕೊಂಡವು.
ಮೇಡಂ ಶಿಖರ ನೋಡಿ ಚಹಾ ತರಿಸಿದರು.
ಅವ್ವನಿಗೂ ಫೋಟೊ ಕಳಿಸಿದೆ.

ಬಹಳ ಹೊತ್ತಿನ ಮೇಲೆ ಅವಳ ಫೋನು:
"ಈ ಗೂನಿನಾಗ ಇರೋವು ಉಂಡಾವೇನು?"

ಉಂಡಾವ ಅವ್ವ.
ಇಬ್ಬರ ಪಾಲೂ ಒಂದರ ಹೊಟ್ಟ್ಯಾಗೇ ಅದ,
ಮುಂದ ಮಾತ್ರ ಬೆಳ್ಯಾಂಗಿಲ್ಲ.

ಆ ಕಡೆ ಗಂಗಾಳಗಳ ಸದ್ದು,
ಯಾರೋ ಅಳುವುದು,
"ತಡಿ, ಒಂದು ಎದ್ದದ" ಅಂದು ಇಟ್ಟಳು.