ಕಾಲಂ ನಾಲ್ಕು

ನಮೂನೆಯಲ್ಲಿ ನಾಲ್ಕು ಕಾಲಂ:
ಅಂಗಡಿಯ ಹೆಸರು, ನಡೆಸುವವರ ಹೆಸರು,
ತಿನಿಸಿನ ಹೆಸರು,
ಅದು ಯಾವ ದೇಶದ್ದು.

ನಗರಸಭೆಗೆ ಈ ಸಲ ಊರ ರುಚಿಯ ಪಟ್ಟಿ ಬೇಕಂತೆ.
ಅನ್ಸಾನಿನಲ್ಲಿ ಏನು ಸ್ಪೆಷಲ್ಲು ಅಂದರೆ
ನಮ್ಮ ಸಾಹೇಬರು ಕಣ್ಣು ಮುಚ್ಚಿ ಹೇಳುತ್ತಾರೆ:
ದೇಬುದೋ ದ್ವೀಪದ ಚಿಪ್ಪುಮೀನು, ಅದರ ಸಾರಲ್ಲಿ ಕೊಯ್ದ ಶಾವಿಗೆ.
ಸರಿಯೇ. ನಾನೂ ಅದನ್ನೇ ಉಂಡು ಬೆಳೆದವಳು,
ನೀರಿಳಿದ ಕೆಸರಲ್ಲಿ ಮಂಡಿಯೂರಿ ಅಜ್ಜಿ ಕೆದಕಿ ತಂದದ್ದು,
ಉಪ್ಪುನೀರಲ್ಲಿ ರಾತ್ರಿಯಿಡೀ ಮರಳು ಕಕ್ಕಿಸಿದ್ದು.
ಹೊರಗೆ ಉಂಡರೆ ಅಜ್ಜಿ ಎಲ್ಲವನ್ನೂ ಹೊಗಳುತ್ತಾಳೆ.
ಹೆಸರಿಡುವುದು ಸ್ವಂತ ಸೊಸೆಯಂದಿರ ಅಡುಗೆಗೆ ಮಾತ್ರ.

ಆದರೆ ದ್ವೀಪ ಅತ್ತ, ಜನ ಇತ್ತ.
ನಾಲ್ಕನೇ ಲೈನಿನ ರೈಲು ಸುರಿದು ಹೋದವರು,
ರಾತ್ರಿಪಾಳಿ ಮುಗಿಸಿ
ಉಗುರಲ್ಲಿ ಗ್ರೀಸು ಇಟ್ಟುಕೊಂಡೇ ತಿಂಡಿಗೆ ಕೂತವರು.

ಬೆಳಗಿನಿಂದ ಹನ್ನೊಂದು ಅಂಗಡಿ ಹತ್ತಿ ಇಳಿದೆ.
ಮೊದಲಿನವು ಸಲೀಸು. ದಿಲ್ಮುರಾದ್
ರೊಟ್ಟಿಯ ಹೊಟ್ಟೆಗೆ ಮುಳ್ಳಿನ ಮೊಹರು ಒತ್ತಿ
ಕುಲುಮೆಯಂಥ ಒಲೆಯ ಗೋಡೆಗೆ ಬಡಿದ:
ಉಜ್ಬೇಕಿಸ್ತಾನ, ಬರಕೊಳ್ಳಿ.
ಮೋಮೋ ಯಾರದ್ದು ಎಂದದ್ದೇ ತಪ್ಪಾಯಿತು.
ಪಾಲುದಾರರಿಬ್ಬರೂ ಜಗಳಕ್ಕೆ ನಿಂತು
ನೀವೇ ತಿಂದು ಹೇಳಿ ಎಂದು ತಟ್ಟೆ ಇಟ್ಟರು.
ನಮ್ಮ ಮನೆಯ ಮಂಡೂ ಥರವೇ ಇತ್ತು.
ಅದನ್ನು ನಾನು ಬರೆಯಲಿಲ್ಲ.

ಹನ್ನೆರಡನೆಯದು ದಿಬ್ಬದ ಮೇಲೆ, ಗಲೀನಾ ಖೆಗಾಯ್.
ಮುಖ ನನ್ನ ಸೋದರತ್ತೆಯದು,
ಬಾಯಿ ಬಿಟ್ಟರೆ ರಷ್ಯನ್, ಆಮೇಲೆ ಹುಡುಕಿ ಹುಡುಕಿ ನಮ್ಮ ಮಾತು.
ಗಜ್ಜರಿಯನ್ನು ತುರಿಯಬಾರದಂತೆ,
ಕೂದಲೆಳೆಯಂತೆ ಉದ್ದಕ್ಕೆ ಕೊಯ್ಯಬೇಕು.
ಉಪ್ಪು ಸವರಿ ಹಿಂಡಿ,
ಬೆಳ್ಳುಳ್ಳಿ, ಖಾರದಪುಡಿ, ಜಜ್ಜಿದ ಕೊತ್ತಂಬರಿ ಬೀಜ,
ಮೇಲೆ ಹೊಗೆಯಾಡುವ ಎಣ್ಣೆಯ ಒಗ್ಗರಣೆ.
ಚುಂಯ್!
ಒಂದು ಹನಿ ಹಾರಿ ನನ್ನ ನಮೂನೆಗೂ ಬಿತ್ತು.

ಯಾವ ದೇಶದ್ದು, ಅಂದೆ.

"ತಾಷ್ಕೆಂಟಿನ ಸಂತೆಯಲ್ಲಿ ಕೊರಿಯದ ಗಜ್ಜರಿ ಅನ್ನೋರು.
ಇಲ್ಲಿಗೆ ಬಂದ ಮೇಲೆ ರಷ್ಯದ ಕಿಮ್ಚಿ ಅಂತಾರೆ.
ನನ್ನನ್ನೂ ಹಾಗೇ."

ಅವಳ ಮುತ್ತಜ್ಜಿಯನ್ನು ದನದ ಡಬ್ಬಿಯಲ್ಲಿ ತುಂಬಿ
ತಿಂಗಳುಗಟ್ಟಲೆ ಪಡುವಲಿಗೆ ಒಯ್ದರಂತೆ.
ಇಳಿಸಿದ ಬಯಲಲ್ಲಿ ಕಿಮ್ಚಿಗೆ ಕೋಸಿಲ್ಲ.
ಕೈ ಇತ್ತು, ಕೈಗೆ ಉಪ್ಪಿನ ಅಳತೆ ಗೊತ್ತಿತ್ತು.
ಗಜ್ಜರಿ ಸಿಕ್ಕಿತು.
ಇಷ್ಟು ಹೇಳುವುದರೊಳಗೆ ಗಲೀನಾ
ಎರಡು ಸಲ ಎದ್ದು ಗಿರಾಕಿಗೆ ಚಿಲ್ಲರೆ ಕೊಟ್ಟಳು,
ಒಂದು ಸಲ ಫೋನಿನಲ್ಲಿ ಯಾರನ್ನೋ ಬೈದಳು,
ಕಾಲು ಕಿಲೋ ಡಬ್ಬಿಗೆ ಹಾಕಿ
ದುಡ್ಡು ಬೇಡ ಎಂದಳು, ಕೊಟ್ಟಾಗ ತೆಗೆದುಕೊಂಡಳು.

ಕೊತ್ತಂಬರಿ ಎಂದರೆ ಅಜ್ಜಿಗೆ ತಿಗಣೆ ವಾಸನೆ.
ಸೊಪ್ಪು ಬೇರೆ ಬೀಜ ಬೇರೆ ಎಂದು ಒಪ್ಪಿಸಿ
ಶಾವಿಗೆಯ ಬಟ್ಟಲ ಪಕ್ಕ ಡಬ್ಬಿ ಬಿಚ್ಚಿದೆ.
ನಮೂನೆಯೂ ಅಲ್ಲೇ ಇತ್ತು,
ನಾಲ್ಕನೇ ಕಾಲಮ್ಮಿನಲ್ಲಿ ಎಣ್ಣೆಯ ಕಲೆ ಹಿಂಬದಿಗೆ ಇಳಿದು
ಹಾಳೆ ಅಷ್ಟಗಲ ಪಾರದರ್ಶಕ.
ಸೋಮವಾರ ಸಾಹೇಬರಿಗೆ ಕೊಡಬೇಕು.

ಅಜ್ಜಿ ಒಂದು ಎಳೆ ಎತ್ತಿದಳು, ಮೂಸಿದಳು,
ಹಲ್ಲಿರುವ ಬದಿಗೆ ತಳ್ಳಿ ನಿಧಾನ ಅಗಿದಳು.
ಚಿಪ್ಪೊಂದು ತಟ್ಟೆಗೆ ಟಣ್ಣೆಂದು ಬಿತ್ತು.
ಯಾರು ಮಾಡಿದ್ದು ಎಂದು ಕೇಳಲಿಲ್ಲ.

"ಉಪ್ಪು ಒಂದು ಹರಳು ಹೆಚ್ಚಾಯ್ತು ಅವಳಿಗೆ,"
ಎಂದು ಹೆಸರಿಟ್ಟಳು,
ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು.