ಮಾರ್ಚ್ ಹದಿನಾಲ್ಕರ ಮುದ್ರೆ

ಲುಂಡೆಬಿಯ ಅಂಚೆಮನೆ ಮುಚ್ಚಿದ ದಿನ
ಆರ್ಡಿಸ್ ಅತ್ತೆ ಎಲ್ಲವನ್ನೂ ಸರಕಾರಕ್ಕೆ ಒಪ್ಪಿಸಿದಳು:
ತಕ್ಕಡಿ, ಬೀಗದ ಕೈ ಗೊಂಚಲು, ಮಾರದೆ ಉಳಿದ ನಲವತ್ತು ಅಂಚೆಚೀಟಿ.
ಮುದ್ರೆಯೊಂದನ್ನು ಬಿಟ್ಟು.
ಅದು ಬಾಚಣಿಗೆಯ ಜೊತೆ ಕೈಚೀಲದಲ್ಲಿ ಮನೆಗೆ ಬಂತು.
ಕದ್ದದ್ದೇ ಎಂದರೆ, ಹೌದು, ಕದ್ದದ್ದೇ ಅನ್ನುತ್ತಾಳೆ.

ತಾರೀಖಿನ ಚಕ್ರ ತುಕ್ಕು ಹಿಡಿದು ನಿಂತುಬಿಟ್ಟಿದೆ,
ಮಾರ್ಚ್ ಹದಿನಾಲ್ಕು, ಎಂಬತ್ತೇಳು.
ಹಾಗಾಗಿ ಅವಳ ಚರಿತ್ರೆಯಲ್ಲಿ
ಎಲ್ಲವೂ ನಡೆದದ್ದು ಅದೇ ದಿನ:
ಕ್ಲೈನ್‌ಫೆಲ್ಡಿನ ಹೋಟೆಲಿಗೆ ಬೆಂಕಿ ಬಿದ್ದದ್ದು,
ಮಿಡತೆಗಳು ಬೇಲಿಗೂಟದ ಬಣ್ಣವನ್ನೂ ಮೇದದ್ದು,
ಬೇಸ್‌ಬಾಲಿಗೆ ಒಂಬತ್ತನೆಯವನು ಸಿಗದೆ
ಪಾದ್ರಿಯೇ ನಿಲುವಂಗಿ ಎತ್ತಿಕಟ್ಟಿ ಓಡಿದ್ದು.
ಫೋಟೋದ ಬೆನ್ನಿಗೆ ಟಪ್ಪೆಂದು ಒತ್ತುತ್ತಾಳೆ.
ಆಯಿತು. ಇನ್ನು ಯಾರಪ್ಪನೂ ಅಳಿಸಲಾರ.

ನನ್ನ ಕೆಲಸ ಕಾರು ಓಡಿಸುವುದು, ಟೇಪ್ ರೆಕಾರ್ಡರ್ ಹಿಡಿಯುವುದು.
ಉತ್ತರ ಡಕೋಟದ ಈ ಜಲ್ಲಿ ರಸ್ತೆಗಳಲ್ಲಿ
ಮೂವತ್ತೊಂದು ವರ್ಷ ಟಪಾಲು ಹಂಚಿದವಳು
ಈಗ ಪಕ್ಕದ ಸೀಟಿನಿಂದ ಬೆರಳು ತೋರಿಸುತ್ತಾಳೆ.
ಇಲ್ಲಿ ಬ್ಯಾಂಕು. ಇಲ್ಲಿ ಕ್ಷೌರದಂಗಡಿ. ಇಲ್ಲಿ, ನಿಧಾನ, ನಿಧಾನ,
ಪಿಯಾನೋ ಕಲಿಸುತ್ತಿದ್ದ ಕುರುಡಿಯ ಮನೆ.
ನನಗೆ ಕಾಣುವುದು ಸೂರ್ಯಕಾಂತಿ ಹೊಲ, ಅಷ್ಟೆ.
ಮತ್ತೆ ಒಂದು ಸಾಲು ಲೈಲಾಕ್ ಪೊದೆ,
ಊರಿಗೆ ಊರೇ ಎದ್ದುಹೋದದ್ದು ಗೊತ್ತಿಲ್ಲದಂತೆ
ಇಲ್ಲದ ಬೀದಿಗೆ ಅಂಚು ಕಟ್ಟಿ ನಿಂತಿದೆ.

ಕತೆಗೆ ಬರವಿಲ್ಲ. ಒಂದು ಕತೆಗೆ ಎರಡು ಬಾಯಿ.
ಹೋಟೆಲಿಗೆ ಬೆಂಕಿ ಇಟ್ಟದ್ದು ಮಾಲೀಕನೇ, ವಿಮೆಯ ಆಸೆಗೆ
ಅನ್ನುತ್ತಾಳೆ ವಿಲ್ಮಾ.
ಅಲ್ಲ, ಬೆಕ್ಕು ದೀಪ ಉರುಳಿಸಿತು ಅನ್ನುತ್ತಾಳೆ ಅವಳ ತಂಗಿ,
ಆ ಮಾಲೀಕನನ್ನೇ ಮದುವೆಯಾದವಳು.
ಅತ್ತೆ ಎರಡನ್ನೂ ಬರೆದುಕೊಂಡು
ಬೆಕ್ಕಿನ ಹೆಸರೇನಿತ್ತು ಎಂದು ಕೇಳುತ್ತಾಳೆ.

ಅಕ್ಟೋಬರಿನ ಕೊನೆಗೆ ಎಮಿಲ್ ಫೆಟಿಗ್‌ನ ಅಡುಗೆಮನೆ.
ಕ್ಲೈನ್‌ಫೆಲ್ಡಿನಲ್ಲಿ ಒಲೆ ಉರಿಯುವುದು ಇದೊಂದೇ.
ನೀರುನೀರು ಕಾಫಿ, ಕಲ್ಲಿನಂಥ ರಸ್ಕು.
ಮೇಜಿನ ಅಂಚು ಸವರುತ್ತ ಎಂಬತ್ತನಾಲ್ಕರ ಮುದುಕ
ತಮ್ಮ ರೂಡಿಯ ಕತೆ ಹೇಳಿದ.
ಐವತ್ತೊಂದರ ಹಿಮಗಾಳಿ. ದನ ನೋಡಿ ಬರುತ್ತೇನೆಂದು
ಮನೆಯಿಂದ ಕೊಟ್ಟಿಗೆಗೆ ಕಟ್ಟಿದ ಹಗ್ಗ ಹಿಡಿದು ಹೋದವನು
ಎಲ್ಲೋ ನಡುವೆ ಕೈಬಿಟ್ಟ.
ಹಿಮ ಕರಗಿತು, ಗೋಧಿ ಬಂತು, ಅವನು ಸಿಗಲಿಲ್ಲ.
“ಇದನ್ನು ಬರೆದುಕೋ. ಸಾಯುವ ತನಕ
ಅವ್ವ ಆ ಹಗ್ಗ ಬಿಚ್ಚಲು ಬಿಡಲಿಲ್ಲ.”

ಅತ್ತೆಯ ಪೆನ್ಸಿಲ್ ಓಡಲಿಲ್ಲ.
ಅವನು ಮೊದಲ ಸಲ ತಲೆಯೆತ್ತಿ ನೋಡಿದ.
“ನಿನಗೆ ನೆನಪಿದೆಯಲ್ಲ, ಆರ್ಡಿಸ್?”
“ಹಗ್ಗ ನೋಡಿದ್ದೇನೆ” ಅಂದಳು.
ಆಮೇಲೆ ಟೇಪಿನಲ್ಲಿರುವುದು ಗೋಡೆಗಡಿಯಾರ,
ಕಿಟಕಿಯ ಸಂದಿನಲ್ಲಿ ಗಾಳಿ,
ಯಾರೋ ಒಬ್ಬರು ಚಮಚವನ್ನು ಬಸಿಯಲ್ಲಿಟ್ಟದ್ದು.

ಹೆದ್ದಾರಿಗೆ ಬಂದು ಹತ್ತು ಮೈಲಿಯಾದ ಮೇಲೆ ಬಾಯಿ ಬಿಟ್ಟಳು.
ಹನ್ನೊಂದು ಡಿಸೆಂಬರ್, ಹನ್ನೊಂದು ಕಾರ್ಡು,
ಟಕೋಮಾದ ಮುದ್ರೆ, ಎಡಕ್ಕೆ ವಾಲಿದ ಕೈಬರಹ,
ಮಿಸೆಸ್ ಫೆಟಿಗ್ ಅವರಿಗೆ.
ಅವತ್ತು ಮಾತ್ರ ಎಮಿಲ್, ಮೊಣಕಾಲುದ್ದ ಹಿಮದಲ್ಲಿ,
ಡಬ್ಬಿಯ ಹತ್ತಿರ ಕೈ ಚಾಚಿ ಕಾದಿರುತ್ತಿದ್ದ.
ನಾನು ಕೊಡುತ್ತಿದ್ದೆ. ಅದೇ ನನ್ನ ಸಂಬಳ.
ಹನ್ನೆರಡನೆಯ ವರ್ಷವೂ ಬಂದು ನಿಂತಿದ್ದ.
ನನ್ನ ಬಳಿ ಬೀಜದಂಗಡಿಯ ಕ್ಯಾಟಲಾಗು ಮಾತ್ರ ಇತ್ತು.

ಆ ರಾತ್ರಿ ಮೇಜಿನ ಮೇಲೆ ಇಬ್ಬರು ಹುಡುಗರ ಫೋಟೋ,
ಒಂದೇ ಕುದುರೆಯ ಮೇಲೆ, ಒಂದೇ ನಗು.
ಬೋರಲು ಹಾಕಿದಳು. ಮುದ್ರೆ ತೆಗೆದು
ಅದರ ಮುಖಕ್ಕೆ ಬಿಸಿಯುಸಿರು ಊದಿದಳು.
ಬಹಳ ಹೊತ್ತು ಹಾಗೇ ಎತ್ತಿ ಹಿಡಿದು
ಮತ್ತೆ ಕೈಚೀಲಕ್ಕೆ ಹಾಕಿದಳು.

“ಶಾಯಿ ಒಣಗಿದೆ” ಅಂದಳು.
ನನ್ನ ಹೆಬ್ಬೆರಳಿನ ಮೇಲೆ
ಆಗ ತಾನೇ ತಾಗಿದ ನೇರಳೆ ಇನ್ನೂ ಹಸಿಯಿತ್ತು.